ಕಿರುತೆರೆಯ ತೀರ್ಪು: ನ್ಯೂಯಾರ್ಕಿನ ಐವರು ಹುಡುಗರು ಮತ್ತು ನೋಡುಗರ ನ್ಯಾಯ



ನಿಜವಾಗಿ ನಡೆದ ಅಪರಾಧವೊಂದನ್ನು ಆಧರಿಸಿದ ಧಾರಾವಾಹಿ ಕಿರುತೆರೆಗೆ ಬಂದಾಗ ನೋಡುಗರು ಒಟ್ಟಿಗೇ ಎರಡು ಕೆಲಸ ಮಾಡುತ್ತಾರೆ. ಮೊದಲನೆಯದು, ನಟನೆ, ಕಥೆ, ಸಂಭಾಷಣೆ ಹೇಗಿವೆ ಎಂದು ಅಳೆಯುವುದು. ಇದು ಯಾವ ನಾಟಕ, ಯಾವ ಸಿನಿಮಾ ನೋಡಿದರೂ ಮಾಡುವ ಕೆಲಸ. ಎರಡನೆಯದು, ಯಾರು ತಪ್ಪಿತಸ್ಥರು, ಯಾರು ನಿರಪರಾಧಿಗಳು ಎಂದು ತೀರ್ಮಾನಿಸುವುದು. ಇದು ನ್ಯಾಯಾಧೀಶರ ಕೆಲಸ. ಕಾಲ್ಪನಿಕ ಕಥೆಯ ಖಳನಾಯಕನನ್ನು ಎಷ್ಟು ಬೈದರೂ ಯಾರಿಗೂ ನಷ್ಟವಿಲ್ಲ. ನಿಜದ ಕಥೆಯ ಖಳನಾಯಕನಿಗಾದರೋ ಮನೆಯಿದೆ, ಉದ್ಯೋಗವಿದೆ, ಹೆಸರಿದೆ. ಅಲ್ಲಿ ನೋಡುಗರ ಅಭಿಪ್ರಾಯಕ್ಕೆ ಪರಿಣಾಮವೂ ಇದೆ.

ಈ ಎರಡನೆಯ ಕೆಲಸವೇ ಇಂದಿನ ಮಾತಿನ ವಿಷಯ. ಅದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ಆರಿಸಿಕೊಳ್ಳಲಾಗಿದೆ. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನಡೆದ ಒಂದು ಅತ್ಯಾಚಾರ, ಅದಕ್ಕಾಗಿ ಶಿಕ್ಷೆ ಅನುಭವಿಸಿದ ಐವರು ಹುಡುಗರು, ಮತ್ತು ಅವರ ಕಥೆಯನ್ನು ಆಧರಿಸಿ 2019ರಲ್ಲಿ ಬಂದ 'ವ್ಹೆನ್ ದೇ ಸೀ ಅಸ್' ಎಂಬ ನಾಲ್ಕು ಕಂತುಗಳ ಧಾರಾವಾಹಿ. ಈ ಪ್ರಕರಣದ ವಿಶೇಷವೆಂದರೆ ಇಲ್ಲಿ ನೋಡುಗರು ಒಂದಲ್ಲ, ಎರಡು ಸಲ ತೀರ್ಪು ಕೊಟ್ಟಿದ್ದಾರೆ. ಎರಡು ತೀರ್ಪುಗಳ ನಡುವೆ 30 ವರ್ಷಗಳ ಅಂತರವಿದೆ. ಎರಡೂ ಒಂದಕ್ಕೊಂದು ಪೂರ್ತಿ ವಿರುದ್ಧ. ಆದರೆ ಎರಡು ಸಲವೂ ನೋಡುಗರ ಮನಸ್ಸಿನಲ್ಲಿದ್ದ ಖಾತ್ರಿ ಮಾತ್ರ ಒಂದೇ ಬಗೆಯದು.

ಮೊದಲು ನಡೆದ ಘಟನೆಯನ್ನು ನೋಡೋಣ. 1989ರ ಏಪ್ರಿಲ್ 19ರ ರಾತ್ರಿ, 28 ವರ್ಷದ ಮಹಿಳೆಯೊಬ್ಬರು ಸೆಂಟ್ರಲ್ ಪಾರ್ಕಿನಲ್ಲಿ ಎಂದಿನಂತೆ ಓಟಕ್ಕೆ ಹೋಗಿದ್ದರು. ಆಕೆ ಹಣಕಾಸು ಸಂಸ್ಥೆಯೊಂದರ ಉದ್ಯೋಗಿ. ನಡುರಾತ್ರಿ ಕಳೆದ ಮೇಲೆ ಆಕೆ ಪೊದೆಗಳ ಬಳಿ ಸಿಕ್ಕಾಗ ತಲೆಗೆ ಭೀಕರ ಪೆಟ್ಟು ಬಿದ್ದಿತ್ತು. ದೇಹದ ಬಹುಪಾಲು ರಕ್ತ ಹರಿದುಹೋಗಿತ್ತು. ಅತ್ಯಾಚಾರವೂ ನಡೆದಿತ್ತು. 12 ದಿನ ಆಕೆಗೆ ಪ್ರಜ್ಞೆ ಬರಲಿಲ್ಲ. ಬದುಕುವುದೇ ಅನುಮಾನವೆಂದಿದ್ದ ವೈದ್ಯರನ್ನು ಅಚ್ಚರಿಗೊಳಿಸಿ ಆಕೆ ಚೇತರಿಸಿಕೊಂಡರು. ಆದರೆ ಆ ರಾತ್ರಿಯ ದಾಳಿಯ ನೆನಪು ಆಕೆಗೆ ಮರಳಲೇ ಇಲ್ಲ. ಹೀಗಾಗಿ ಪ್ರಕರಣದ ಮುಖ್ಯ ಸಾಕ್ಷಿಯೇ ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಅದೇ ರಾತ್ರಿ ಹಾರ್ಲೆಮ್ ಕಡೆಯ ಮೂವತ್ತಕ್ಕೂ ಹೆಚ್ಚು ಹುಡುಗರು ಗುಂಪಾಗಿ ಉದ್ಯಾನಕ್ಕೆ ನುಗ್ಗಿದ್ದರು. ಅವರಲ್ಲಿ ಕೆಲವರು ಓಡುವವರ ಮೇಲೆ, ಸೈಕಲ್ ಸವಾರರ ಮೇಲೆ ಹಲ್ಲೆ ಮಾಡಿದ್ದರು. ಇದೂ ನಿಜವೇ. ಪೊಲೀಸರು ಆ ಗುಂಪಿನ ಹುಡುಗರನ್ನು ಹಿಡಿದು ತಂದರು. ಅವರಲ್ಲಿ ಐವರ ಮೇಲೆ ಮಹಿಳೆಯ ಮೇಲಿನ ದಾಳಿಯ ಆರೋಪ ಬಂತು. ಕೆವಿನ್ ರಿಚರ್ಡ್‌ಸನ್ ಮತ್ತು ರೇಮಂಡ್ ಸಾಂಟಾನಾಗೆ 14 ವರ್ಷ. ಆಂಟ್ರಾನ್ ಮೆಕ್‌ಕ್ರೇ ಮತ್ತು ಯೂಸೆಫ್ ಸಲಾಂಗೆ 15 ವರ್ಷ. ಕೋರಿ ವೈಸ್‌ಗೆ 16 ವರ್ಷ. ನಾಲ್ವರು ಕರಿಯರು, ಒಬ್ಬ ಲ್ಯಾಟಿನ್ ಅಮೆರಿಕ ಮೂಲದವನು. ದಾಳಿಗೊಳಗಾದಾಕೆ ಬಿಳಿಯರು. ಕೋರಿ ವೈಸ್‌ನ ಹೆಸರು ಪೊಲೀಸರ ಪಟ್ಟಿಯಲ್ಲೇ ಇರಲಿಲ್ಲ. ಗೆಳೆಯ ಯೂಸೆಫ್‌ನನ್ನು ಕರೆದೊಯ್ಯುವಾಗ ಜೊತೆಗಿರಲೆಂದು ಠಾಣೆಗೆ ಹೋದವನು ಅಲ್ಲಿಯೇ ಆರೋಪಿಯಾದ.

ಗಂಟೆಗಟ್ಟಲೆ ವಿಚಾರಣೆ ನಡೆಯಿತು. ಕೊನೆಗೆ ನಾಲ್ವರು ವಿಡಿಯೊ ಕ್ಯಾಮೆರಾದ ಮುಂದೆ ತಾವೂ ದಾಳಿಯಲ್ಲಿ ಇದ್ದೆವೆಂದು ಹೇಳಿಕೆ ಕೊಟ್ಟರು. ಯೂಸೆಫ್ ಸಲಾಂ ಮಾತ್ರ ವಿಡಿಯೊ ಹೇಳಿಕೆ ಕೊಡಲಿಲ್ಲ, ಬರೆದ ಹೇಳಿಕೆಗೆ ಸಹಿಯನ್ನೂ ಹಾಕಲಿಲ್ಲ. ಸ್ವಲ್ಪ ಸಮಯದಲ್ಲೇ ಐವರೂ ತಾವು ತಪ್ಪು ಮಾಡಿಲ್ಲ, ಬೆದರಿಸಿ ಹೇಳಿಸಿದರು ಎಂದರು. ಆ ಮಾತನ್ನು ಕೇಳುವ ವ್ಯವಧಾನ ಊರಿಗೆ ಇರಲಿಲ್ಲ.

ಇದೇ ನೋಡುಗರ ಮೊದಲ ತೀರ್ಪು ಹೊರಬಿದ್ದ ಸಂದರ್ಭ. ಅಂದಿನ ನ್ಯೂಯಾರ್ಕ್ ಭಯದಲ್ಲಿ ಬದುಕುತ್ತಿದ್ದ ನಗರ. 1989 ಒಂದೇ ವರ್ಷದಲ್ಲಿ ಅಲ್ಲಿ ಸುಮಾರು 1,900 ಕೊಲೆಗಳಾದವು. ಟೆಲಿವಿಷನ್ ಸುದ್ದಿಯಲ್ಲಿ, ಪತ್ರಿಕೆಗಳ ಮುಖಪುಟದಲ್ಲಿ ದಿನವೂ ಆ ಹುಡುಗರೇ. ಅವರನ್ನು ತೋಳಗಳ ಹಿಂಡಿಗೆ ಹೋಲಿಸಲಾಯಿತು. 'ವೈಲ್ಡಿಂಗ್' ಎಂಬ ಹೊಸ ಪದ ಆ ದಿನಗಳ ಪತ್ರಿಕೆಗಳಲ್ಲಿ ಮನೆಮಾತಾಯಿತು. ಕಾಡುಪ್ರಾಣಿಗಳಂತೆ ಮೋಜಿಗಾಗಿ ದಾಳಿ ಮಾಡುವುದು ಎಂದು ಅದರ ಭಾವ. ಇನ್ನೂ ಹದಿನಾರು ದಾಟದ ಹುಡುಗರ ಹೆಸರುಗಳೂ ಮೊಕದ್ದಮೆಗೆ ಮೊದಲೇ ಅಚ್ಚಾದವು. ಅದೇ ವರ್ಷ ಮೇ 1ರಂದು, ಆಗ ಕಟ್ಟಡ ಉದ್ಯಮಿಯಾಗಿದ್ದ ಡೊನಾಲ್ಡ್ ಟ್ರಂಪ್ ನಗರದ ನಾಲ್ಕು ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು, ರಾಜ್ಯದಲ್ಲಿ ಮರಣದಂಡನೆಯನ್ನು ಮತ್ತೆ ಜಾರಿಗೆ ತರಬೇಕೆಂದು ಒತ್ತಾಯಿಸಿದರು. ಅದಕ್ಕೆ ತಗುಲಿದ ವೆಚ್ಚ 85,000 ಡಾಲರ್ ಎಂದು ವರದಿಯಾಗಿತ್ತು. ಇಷ್ಟೆಲ್ಲ ನಡೆದಾಗ ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿಯೂ ಬಾಯಿಬಿಟ್ಟಿರಲಿಲ್ಲ.

ಮೊಕದ್ದಮೆ ಜೂರಿಯ ಮುಂದೆ ನಡೆಯಿತು. ಜೂರಿ ಎಂದರೆ ಸಾಮಾನ್ಯ ನಾಗರಿಕರಿಂದ ಆರಿಸಿದ ತೀರ್ಪುಗಾರರ ಮಂಡಳಿ. ಭಾರತದಲ್ಲೂ ಕ್ರಿಮಿನಲ್ ಮೊಕದ್ದಮೆಗಳಿಗೆ ಜೂರಿ ಪದ್ಧತಿ ಇತ್ತು. 1959ರಲ್ಲಿ ಬೊಂಬಾಯಿಯಲ್ಲಿ ನಡೆದ ನೌಕಾಧಿಕಾರಿ ನಾನಾವತಿ ಕೊಲೆ ಮೊಕದ್ದಮೆ ಹಿರಿಯರಿಗೆ ನೆನಪಿರಬಹುದು. 'ಬ್ಲಿಟ್ಜ್' ವಾರಪತ್ರಿಕೆ ನಾನಾವತಿಯ ಪರವಾಗಿ ದೊಡ್ಡ ಪ್ರಚಾರವನ್ನೇ ನಡೆಸಿತ್ತು. ಜೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಆತ ನಿರಪರಾಧಿ ಎಂದರು. ಹೈಕೋರ್ಟು ಆ ತೀರ್ಮಾನವನ್ನು ತಳ್ಳಿಹಾಕಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಜೂರಿಗಳೂ ಮನೆಯಲ್ಲಿ ಪತ್ರಿಕೆ ಓದುವವರೇ, ಊರ ಮಾತು ಕೇಳುವವರೇ ಎಂಬುದಕ್ಕೆ ಆ ಪ್ರಕರಣವನ್ನು ಇಂದಿಗೂ ಉದಾಹರಿಸುತ್ತಾರೆ.

ನ್ಯೂಯಾರ್ಕಿನಲ್ಲಿ 1990ರಲ್ಲಿ ಎರಡು ವಿಚಾರಣೆಗಳು ನಡೆದವು. ಮಹಿಳೆಯ ದೇಹದ ಮೇಲೆ ಸಿಕ್ಕ ವೀರ್ಯದ ಡಿಎನ್‌ಎ ಐವರಲ್ಲಿ ಯಾರಿಗೂ ಹೊಂದಲಿಲ್ಲ. ಸಿಕ್ಕಿಬೀಳದ ಇನ್ನೊಬ್ಬನೂ ಇದ್ದಿರಬೇಕು ಎಂದು ಸರ್ಕಾರದ ಪರ ವಕೀಲರು ವಾದಿಸಿದರು. ಹೇಳಿಕೆಗಳಾದರೂ ಒಂದಕ್ಕೊಂದು ಹೊಂದುತ್ತಿದ್ದವೇ ಎಂದರೆ ಅದೂ ಇಲ್ಲ. ದಾಳಿ ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಯಾರು ಏನು ಮಾಡಿದರು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಆದರೂ ಜೂರಿಗಳು ವಿಡಿಯೊ ಹೇಳಿಕೆಗಳನ್ನು ನೋಡಿದರು, ನಂಬಿದರು. ಹುಡುಗನೊಬ್ಬ ಪರದೆಯ ಮೇಲೆ ತನ್ನ ಬಾಯಿಂದಲೇ 'ನಾನೂ ಇದ್ದೆ' ಎನ್ನುವಾಗ ಡಿಎನ್‌ಎ ಪರೀಕ್ಷೆಯ ಕಾಗದ ಯಾರ ಕಣ್ಣಿಗೆ ಬೀಳುತ್ತದೆ? ಐವರಿಗೂ ಶಿಕ್ಷೆಯಾಯಿತು. ನಾಲ್ವರು ಸುಮಾರು 6ರಿಂದ 7 ವರ್ಷ ಬಂಧನದಲ್ಲಿದ್ದರು. 16 ತುಂಬಿದ್ದ ಕೋರಿ ವೈಸ್‌ನನ್ನು ವಯಸ್ಕರ ಸೆರೆಮನೆಗೆ ಕಳಿಸಲಾಯಿತು. ಆತ ಹೊರಬಂದದ್ದು ಸುಮಾರು 13 ವರ್ಷಗಳ ನಂತರ.

ತಪ್ಪು ಮಾಡದವರು ತಪ್ಪೊಪ್ಪಿಕೊಳ್ಳುವುದುಂಟೇ ಎಂಬ ಪ್ರಶ್ನೆ ಇಲ್ಲಿ ಸಹಜ. ಅಂದಿನ ನೋಡುಗರೂ ಇದೇ ಪ್ರಶ್ನೆ ಕೇಳಿದರು, ಇಲ್ಲ ಎಂದೇ ಉತ್ತರಿಸಿಕೊಂಡರು. ಆದರೆ ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರ ಪ್ರಕರಣಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಸುಳ್ಳು ತಪ್ಪೊಪ್ಪಿಗೆ ಅಥವಾ ತನಗೇ ಮುಳುವಾಗುವ ಹೇಳಿಕೆ ಇತ್ತೆಂದು ಕಂಡುಬಂದಿದೆ. ನಿದ್ದೆಯಿಲ್ಲದ ರಾತ್ರಿ, ಹಸಿವು, ಭಯ, 'ನಿನ್ನ ಗೆಳೆಯ ನಿನ್ನ ಹೆಸರು ಹೇಳಿದ್ದಾನೆ' ಎಂಬ ಮಾತು, 'ಒಪ್ಪಿಕೊಂಡರೆ ಮನೆಗೆ ಹೋಗಬಹುದು' ಎಂಬ ಆಸೆ ಇಷ್ಟಿದ್ದರೆ ಸಾಕು. ಹದಿನಾಲ್ಕರ ಹುಡುಗನಿಗೆ ಮುಂದಿನ ಹತ್ತು ವರ್ಷಗಳಿಗಿಂತ ಮುಂದಿನ ಹತ್ತು ನಿಮಿಷವೇ ದೊಡ್ಡದು. ಈ ಅಪಾಯವನ್ನು ಭಾರತದ ಕಾನೂನು ಬಹಳ ಹಿಂದೆಯೇ ಗುರುತಿಸಿತ್ತು. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದುಕೊಂಡಿದೆ. 'ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸರು ತಿಳಿಸಿದ್ದಾರೆ' ಎಂಬ ಸುದ್ದಿಯ ಸಾಲಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ ಎಂಬುದನ್ನು ಓದುಗರು ನೆನಪಿಡುವುದು ಒಳ್ಳೆಯದು.

2002ರಲ್ಲಿ ಪ್ರಕರಣ ತಲೆಕೆಳಗಾಯಿತು. ಮಟಿಯಾಸ್ ರೇಯೆಸ್ ಎಂಬ ಕೈದಿ ಅದು ತಾನೊಬ್ಬನೇ ಮಾಡಿದ ಕೃತ್ಯವೆಂದು ಹೇಳಿದ. ಬೇರೆ ಅತ್ಯಾಚಾರಗಳಿಗೆ ಮತ್ತು ಒಂದು ಕೊಲೆಗೆ ಆತ ಆಗಲೇ ಶಿಕ್ಷೆ ಅನುಭವಿಸುತ್ತಿದ್ದ. ಸೆರೆಮನೆಯಲ್ಲಿ ಕೋರಿ ವೈಸ್‌ನನ್ನು ಕಂಡ ಮೇಲೆ ಅವನ ಬಾಯಿ ಬಿಚ್ಚಿತು. ಬರಿ ಮಾತಾಗಿದ್ದರೆ ಯಾರೂ ನಂಬಬೇಕಿರಲಿಲ್ಲ. ಅವನ ಡಿಎನ್‌ಎ 1989ರ ಮಾದರಿಗೆ ಹೊಂದಿತು. ಹುಡುಗರ ಮೇಲೆ ಮೊಕದ್ದಮೆ ಹೂಡಿದ್ದಾಗ ಜಿಲ್ಲಾ ಅಟಾರ್ನಿಯಾಗಿದ್ದ ರಾಬರ್ಟ್ ಮಾರ್ಗೆಂಥಾ ಅವರೇ ಆಗಲೂ ಆ ಹುದ್ದೆಯಲ್ಲಿದ್ದರು. ಅವರ ಕಚೇರಿಯೇ ಮರುತನಿಖೆ ನಡೆಸಿ ಶಿಕ್ಷೆಗಳನ್ನು ರದ್ದುಗೊಳಿಸಲು ಕೋರಿತು. 2002ರ ಡಿಸೆಂಬರ್ 19ರಂದು ನ್ಯಾಯಾಲಯ ಐವರ ಶಿಕ್ಷೆಯನ್ನೂ ರದ್ದುಪಡಿಸಿತು.

ಇಲ್ಲಿ ಇನ್ನೊಂದು ಸಂಗತಿ ಇದೆ. 1989ರ ಏಪ್ರಿಲ್‌ನಲ್ಲಿ ಪ್ರಕರಣ ಬಗೆಹರಿಯಿತು ಎಂದು ನಗರ ನೆಮ್ಮದಿಯಿಂದ ಇದ್ದಾಗ ರೇಯೆಸ್ ಹೊರಗೇ ಇದ್ದ. ಆಗಸ್ಟ್‌ನಲ್ಲಿ ಸಿಕ್ಕಿಬೀಳುವವರೆಗೆ ಅವನು ಬೇರೆ ಮಹಿಳೆಯರ ಮೇಲೆ ಎರಗಿದ. ಜೂನ್‌ನಲ್ಲಿ ಗರ್ಭಿಣಿಯೊಬ್ಬರನ್ನು ಕೊಂದ. ತಪ್ಪು ವ್ಯಕ್ತಿಗೆ ಶಿಕ್ಷೆಯಾದರೆ ಅನ್ಯಾಯ ಅವನೊಬ್ಬನಿಗೇ ಆಗುವುದಿಲ್ಲ.

ಶಿಕ್ಷೆ ರದ್ದಾದರೂ ವಿವಾದ ನಿಲ್ಲಲಿಲ್ಲ. 2003ರ ಜನವರಿಯಲ್ಲಿ ಪೊಲೀಸ್ ಇಲಾಖೆಯೇ ನೇಮಿಸಿದ ಸಮಿತಿಯೊಂದು ಪೊಲೀಸರ ದುರ್ನಡತೆ ಕಂಡುಬಂದಿಲ್ಲವೆಂದು ವರದಿ ಕೊಟ್ಟಿತು. ಐವರು ಹೂಡಿದ ಪರಿಹಾರದ ಮೊಕದ್ದಮೆ ಹತ್ತು ವರ್ಷಕ್ಕೂ ಮೀರಿ ಎಳೆಯಿತು. 2014ರಲ್ಲಿ ನಗರಾಡಳಿತ 4 ಕೋಟಿ 10 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ದಾಳಿಗೊಳಗಾದ ಮಹಿಳೆಯೂ ಆ ರಾಜಿ ಆಗಬಾರದಿತ್ತೆಂದು, ದಾಳಿಯಲ್ಲಿ ಒಬ್ಬನಿಗಿಂತ ಹೆಚ್ಚು ಜನ ಇದ್ದರೆಂದು ತಾವು ನಂಬುವುದಾಗಿ 2019ರಲ್ಲಿ ಹೇಳಿದರು. 2012ರಲ್ಲಿ ಕೆನ್ ಬರ್ನ್ಸ್, ಸಾರಾ ಬರ್ನ್ಸ್ ಮತ್ತು ಡೇವಿಡ್ ಮೆಕ್‌ಮಹನ್ ಸೇರಿ ಈ ಪ್ರಕರಣದ ಬಗ್ಗೆ ಸಾಕ್ಷ್ಯಚಿತ್ರ ತಯಾರಿಸಿದ್ದರು. ಅದನ್ನು ಮೆಚ್ಚಿದವರು ಬಹಳ. ಆದರೆ ಬೀದಿಬೀದಿಯಲ್ಲಿ ಮಾತಾಗುವಂತೆ ಮಾಡಿದ್ದು ಸಾಕ್ಷ್ಯಚಿತ್ರವಲ್ಲ, ನಾಟಕ.

ಹೀಗೆ ಎರಡನೆಯ ತೀರ್ಪಿಗೆ ಬರುತ್ತೇವೆ. 2015ರಲ್ಲಿ ರೇಮಂಡ್ ಸಾಂಟಾನಾ ನಿರ್ದೇಶಕಿ ಏವಾ ಡುವರ್ನೇ ಅವರಿಗೆ ಟ್ವಿಟರ್ ಮೂಲಕ ಸಂದೇಶ ಕಳಿಸಿ ತಮ್ಮ ಕಥೆಯನ್ನು ಚಿತ್ರವಾಗಿಸುವಂತೆ ಕೇಳಿದ್ದರು. ಅದರಿಂದ ಹುಟ್ಟಿದ 'ವ್ಹೆನ್ ದೇ ಸೀ ಅಸ್' 2019ರ ಮೇ 31ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. 'ಅವರು ನಮ್ಮನ್ನು ಕಂಡಾಗ' ಎಂದು ಹೆಸರಿನ ಅರ್ಥ. ಮೊದಲು ಇಡಬೇಕೆಂದಿದ್ದ ಹೆಸರು 'ಸೆಂಟ್ರಲ್ ಪಾರ್ಕ್ ಫೈವ್'. ಅದು ಪತ್ರಿಕೆಗಳು ಹುಡುಗರಿಗೆ ಹಚ್ಚಿದ ಹಣೆಪಟ್ಟಿ ಎಂಬ ಕಾರಣಕ್ಕೆ ನಿರ್ದೇಶಕಿ ಅದನ್ನು ಕೈಬಿಟ್ಟರು. ಜೂನ್ ಮುಗಿಯುವಷ್ಟರಲ್ಲಿ ವಿಶ್ವದಾದ್ಯಂತ 2 ಕೋಟಿ 30 ಲಕ್ಷಕ್ಕೂ ಹೆಚ್ಚು ಖಾತೆಗಳಲ್ಲಿ ಅದನ್ನು ನೋಡಲಾಗಿದೆ ಎಂದು ಸಂಸ್ಥೆ ಪ್ರಕಟಿಸಿತು. ಕೋರಿ ವೈಸ್ ಪಾತ್ರವನ್ನು ಹುಡುಗನಾಗಿಯೂ ವಯಸ್ಕನಾಗಿಯೂ ಅಭಿನಯಿಸಿದ ಜರೆಲ್ ಜೆರೋಮ್‌ಗೆ ಆ ವರ್ಷದ ಎಮ್ಮಿ ಪ್ರಶಸ್ತಿ ಬಂತು.

ನೋಡುಗರ ಅಭಿಪ್ರಾಯಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ನೋವಿನದು. ಒಂದೇ ಸಲಕ್ಕೆ ನೋಡಿ ಮುಗಿಸಲಾಗಲಿಲ್ಲ, ನಡುವೆ ನಿಲ್ಲಿಸಬೇಕಾಯಿತು ಎಂದವರು ಅನೇಕರು. ಗಂಡುಮಕ್ಕಳಿರುವ ಕರಿಯ ತಾಯಂದಿರಿಗೆ ಅದು ಅನ್ಯರ ಕಥೆಯಾಗಿ ಕಾಣಲಿಲ್ಲ. ಠಾಣೆಯಲ್ಲಿ ಏನು ಮಾತಾಡಬೇಕು, ಏನು ಆಡಬಾರದು ಎಂದು ಮಕ್ಕಳಿಗೆ ಹೇಳಿಕೊಡುವ ಮಾತು ಮನೆಮನೆಯಲ್ಲಿ ನಡೆಯಿತು. ಎರಡನೆಯದು ಅಸಮಾಧಾನದ್ದು. ಅದೇ ರಾತ್ರಿ ಉದ್ಯಾನದಲ್ಲಿ ಬೇರೆಯವರ ಮೇಲೆ ನಡೆದ ಹಲ್ಲೆಗಳನ್ನು ಧಾರಾವಾಹಿ ಹಗುರಗೊಳಿಸಿದೆ, ದಾಳಿಗೊಳಗಾದ ಮಹಿಳೆಗೆ ನಾಲ್ಕು ಕಂತುಗಳಲ್ಲಿ ಸಿಕ್ಕ ಜಾಗ ತೀರ ಅಲ್ಪ ಎಂಬುದು ಇವರ ಆಕ್ಷೇಪ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮೂರನೆಯದು ಕೋಪದ್ದು. ಪರಿಣಾಮಗಳ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ಪ್ರಬಲವಾದದ್ದು.

ಈ ಕೋಪ ಮುಖ್ಯವಾಗಿ ಎರಗಿದ್ದು ಲಿಂಡಾ ಫೇರ್‌ಸ್ಟೀನ್ ಅವರ ಮೇಲೆ. 1989ರಲ್ಲಿ ಅವರು ಮ್ಯಾನ್‌ಹಟನ್ ಜಿಲ್ಲಾ ಅಟಾರ್ನಿ ಕಚೇರಿಯ ಲೈಂಗಿಕ ಅಪರಾಧ ವಿಭಾಗದ ಮುಖ್ಯಸ್ಥೆ. ನಂತರ ಪತ್ತೇದಾರಿ ಕಾದಂಬರಿಕಾರ್ತಿಯಾಗಿ ಹೆಸರಾದವರು. ಧಾರಾವಾಹಿಯಲ್ಲಿ ಫೆಲಿಸಿಟಿ ಹಫ್‌ಮನ್ ಅಭಿನಯಿಸಿದ ಆ ಪಾತ್ರ ಹುಡುಗರನ್ನು ಸಿಕ್ಕಿಸಲು ಪಣತೊಟ್ಟವಳಂತೆ, ಇಡೀ ತನಿಖೆಯನ್ನು ಹಿಂದೆ ನಿಂತು ನಡೆಸಿದವಳಂತೆ ಕಾಣುತ್ತದೆ. ಅವರ ಬಗ್ಗೆ ಅಸಮಾಧಾನ ಮೊದಲೇ ಇತ್ತು. 2018ರ ಕೊನೆಯಲ್ಲಿ ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಅವರಿಗೆ ಘೋಷಿಸಿದ್ದ ಗೌರವವನ್ನು ಟೀಕೆಗಳ ನಂತರ ಹಿಂಪಡೆದಿತ್ತು. ಧಾರಾವಾಹಿ ಬಂದ ಮೇಲೆ ಅದು ಪ್ರವಾಹವಾಯಿತು. ಅವರ ಪುಸ್ತಕಗಳನ್ನು ಬಹಿಷ್ಕರಿಸಬೇಕೆಂಬ ಮನವಿಗಳಿಗೆ ಸಾವಿರಾರು ಜನ ಸಹಿ ಹಾಕಿದರು. ಒಂದು ವಾರ ಕಳೆಯುವಷ್ಟರಲ್ಲಿ ಪ್ರಕಾಶಕರು ಅವರನ್ನು ಕೈಬಿಟ್ಟರು. ವಾಸರ್ ಕಾಲೇಜಿನ ಆಡಳಿತ ಮಂಡಳಿಯಿಂದ ಅವರು ಹೊರಬರಬೇಕಾಯಿತು. ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸಿದ್ದ ಎಲಿಜಬೆತ್ ಲೆಡರರ್ ಅವರೂ ವಿದ್ಯಾರ್ಥಿಗಳ ಒತ್ತಾಯದ ಹಿನ್ನೆಲೆಯಲ್ಲಿ ಕೊಲಂಬಿಯಾ ಕಾನೂನು ಶಾಲೆಯಲ್ಲಿ ಪಾಠ ಮಾಡಲು ಮರಳುವುದಿಲ್ಲವೆಂದು ತಿಳಿಸಿದರು.

ಐವರು ಹುಡುಗರ ಬಾಳು ಹಾಳಾದುದರ ಮುಂದೆ ಇದೇನು ಮಹಾ ಎಂದು ಕೇಳಬಹುದು. ತೂಗಿ ನೋಡಿದರೆ ಎರಡೂ ಸಮವಲ್ಲ, ನಿಜ. ಸೆರೆಮನೆಯ 13 ವರ್ಷಕ್ಕೂ ಕಳೆದುಹೋದ ಪುಸ್ತಕದ ಒಪ್ಪಂದಕ್ಕೂ ಹೋಲಿಕೆಯಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ನೋಡುಗರು ಫೇರ್‌ಸ್ಟೀನ್ ಬಗ್ಗೆ ತಿಳಿದುಕೊಂಡದ್ದರಲ್ಲಿ ದಾಖಲೆಯಿಂದ ಬಂದದ್ದೆಷ್ಟು, ಚಿತ್ರಕಥೆಯಿಂದ ಬಂದದ್ದೆಷ್ಟು?

ಈ ಪ್ರಶ್ನೆ ನ್ಯಾಯಾಲಯಕ್ಕೇ ಹೋಯಿತು. 2020ರಲ್ಲಿ ಫೇರ್‌ಸ್ಟೀನ್ ಅವರು ನೆಟ್‌ಫ್ಲಿಕ್ಸ್, ಏವಾ ಡುವರ್ನೇ ಮತ್ತು ಲೇಖಕಿ ಅಟಿಕಾ ಲಾಕ್ ವಿರುದ್ಧ ಮಾನನಷ್ಟ ಮೊಕದ್ದಮೆ ಹೂಡಿದರು. ತಾವು ಹೇಳದ ಮಾತುಗಳನ್ನು ತಮ್ಮ ಬಾಯಲ್ಲಿ ಹೇಳಿಸಿದ್ದಾರೆ, ತಾವು ಮಾಡದ ಕೆಲಸಗಳನ್ನು ತಮ್ಮ ಮೇಲೆ ಹೊರಿಸಿದ್ದಾರೆ ಎಂಬುದು ಅವರ ದೂರು. ಅಮೆರಿಕದಲ್ಲಿ ಸಾರ್ವಜನಿಕ ವ್ಯಕ್ತಿಗಳು ಇಂಥ ಮೊಕದ್ದಮೆ ಗೆಲ್ಲುವುದು ಬಹಳ ಕಷ್ಟ. ಸುಳ್ಳೆಂದು ಗೊತ್ತಿದ್ದೇ, ಇಲ್ಲವೇ ಸತ್ಯಾಸತ್ಯತೆಯ ಗೊಡವೆಯೇ ಇಲ್ಲದೆ ಪ್ರಕಟಿಸಿದರೆಂದು ತೋರಿಸಬೇಕು. ಹಾಗಿದ್ದೂ 2023ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರು ಐದು ದೃಶ್ಯಗಳ ವಿಷಯದಲ್ಲಿ ಮೊಕದ್ದಮೆ ಜೂರಿಯ ಮುಂದೆ ಹೋಗಬಹುದೆಂದು ಆದೇಶಿಸಿದರು. ಇತ್ತ ವಿಚಾರಣಾ ವಿಧಾನಗಳ ತರಬೇತಿ ನೀಡುವ ಕಂಪನಿಯೊಂದು ಧಾರಾವಾಹಿಯ ಸಂಭಾಷಣೆಯ ಬಗ್ಗೆ ಹೂಡಿದ್ದ ಬೇರೊಂದು ಮಾನನಷ್ಟ ಮೊಕದ್ದಮೆ 2020ರಲ್ಲೇ ವಜಾ ಆಗಿತ್ತು. ಅಂದರೆ ನಾಟಕಕ್ಕೆ ಸ್ವಾತಂತ್ರ್ಯ ಇಲ್ಲವೆಂದಲ್ಲ, ಅದಕ್ಕೊಂದು ಗಡಿ ಇದೆ ಎಂದು.

ಫೇರ್‌ಸ್ಟೀನ್ ಮೊಕದ್ದಮೆ ಜೂರಿಯ ತೀರ್ಪಿನವರೆಗೆ ಹೋಗಲಿಲ್ಲ. 2024ರ ಜೂನ್‌ನಲ್ಲಿ, ವಿಚಾರಣೆ ಆರಂಭವಾಗಲು ಕೆಲವೇ ದಿನಗಳಿದ್ದಾಗ ರಾಜಿಯಾಯಿತು. ಫೇರ್‌ಸ್ಟೀನ್ ಅವರಿಗೆ ಒಂದು ಡಾಲರೂ ಸಿಗಲಿಲ್ಲ. ತಪ್ಪಾಗಿ ಶಿಕ್ಷೆಗೊಳಗಾದವರ ಪರ ಕೆಲಸ ಮಾಡುವ ಇನೊಸೆನ್ಸ್ ಪ್ರಾಜೆಕ್ಟ್ ಸಂಸ್ಥೆಗೆ 10 ಲಕ್ಷ ಡಾಲರ್ ಕೊಡಲು ನೆಟ್‌ಫ್ಲಿಕ್ಸ್ ಒಪ್ಪಿತು. ಜೊತೆಗೆ ಇನ್ನೊಂದು ಷರತ್ತಿತ್ತು. ಕೆಲವು ಪಾತ್ರ, ಘಟನೆ, ಸಂಭಾಷಣೆಗಳು ನಾಟಕಕ್ಕಾಗಿ ಕಲ್ಪಿಸಿದವು ಎಂಬ ಪ್ರಕಟಣೆ ಅದುವರೆಗೆ ಕೊನೆಯ ಹೆಸರುಗಳ ಸಾಲಿನಲ್ಲಿ ಬರುತ್ತಿತ್ತು. ಅದನ್ನು ಪ್ರತಿ ಕಂತಿನ ಆರಂಭಕ್ಕೆ ತರಲಾಯಿತು. ಏವಾ ಡುವರ್ನೇ ತಮ್ಮ ಚಿತ್ರಣ ಸರಿಯೆಂಬ ನಿಲುವಿನಿಂದ ಹಿಂದೆ ಸರಿಯಲಿಲ್ಲ. ಫೇರ್‌ಸ್ಟೀನ್ ಅವರೂ ತಮ್ಮ ನಿಲುವು ಬಿಡಲಿಲ್ಲ.

ಪ್ರಕಟಣೆ ಕೊನೆಯಿಂದ ಮೊದಲಿಗೆ ಬಂದರೆ ಏನು ವ್ಯತ್ಯಾಸ ಎನ್ನಬಹುದು. ವ್ಯತ್ಯಾಸ ಬಹಳವಿದೆ. ನಾಲ್ಕು ಕಂತು ನೋಡಿ, ಅತ್ತು, ಕೋಪಗೊಂಡು, ಮನಸ್ಸಿನಲ್ಲಿ ತೀರ್ಪು ಬರೆದು ಮುಗಿಸಿದ ಮೇಲೆ ಬರುವ ಎಚ್ಚರಿಕೆಯನ್ನು ಯಾರು ಓದುತ್ತಾರೆ?

2019ರಲ್ಲಿ ಭಾರತದಲ್ಲೂ ಇಂಥದೇ ಚರ್ಚೆ ನಡೆದಿತ್ತು. 2012ರ ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣವನ್ನು ಆಧರಿಸಿದ 'ಡೆಲ್ಲಿ ಕ್ರೈಂ' ಅದೇ ನೆಟ್‌ಫ್ಲಿಕ್ಸ್‌ನಲ್ಲಿ 2019ರ ಮಾರ್ಚ್ 22ರಂದು ಬಂದಿತ್ತು. ನಿರ್ದೇಶಕ ರಿಚೀ ಮೆಹ್ತಾ. ಒಂದು ಠಾಣೆಯೊಳಗೆ ಸಿಕ್ಕಿಬಿದ್ದ ಹುಡುಗರ ಕಣ್ಣಿನಿಂದ ನೋಡಿದ ಕಥೆಯಾದರೆ, ಇನ್ನೊಂದು ಮೇಜಿನ ಆಚೆ ಬದಿಯ ಪೊಲೀಸರ ಕಣ್ಣಿನಿಂದ ನೋಡಿದ್ದು. ಅತ್ಯಾಚಾರದ ದೃಶ್ಯವನ್ನು ತೆರೆಯ ಮೇಲೆ ತೋರಿಸದ ಸಂಯಮವನ್ನು ನೋಡುಗರು ಮೆಚ್ಚಿದರು. ಸಿಬ್ಬಂದಿ ಕೊರತೆ, ನಿದ್ದೆಗೆಟ್ಟ ಪೊಲೀಸರ ಪಾಡು ಮೊದಲ ಸಲ ಅರ್ಥವಾಯಿತೆಂದವರು ಹಲವರು. ಪೊಲೀಸರನ್ನು ಇಷ್ಟು ಒಳ್ಳೆಯವರನ್ನಾಗಿ ತೋರಿಸಿದರೆ 2012ರ ಡಿಸೆಂಬರ್‌ನಲ್ಲಿ ಬೀದಿಗಿಳಿದ ಜನರ ಕೋಪಕ್ಕೆ ಅರ್ಥವೇನು ಎಂದು ಕೇಳಿದವರೂ ಇದ್ದರು. 2020ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು. ಒಂದು ಧಾರಾವಾಹಿ ನೋಡಿ ಪೊಲೀಸರನ್ನು ಶಪಿಸಿದವರೇ ಇನ್ನೊಂದನ್ನು ನೋಡಿ ಪೊಲೀಸರಿಗಾಗಿ ಕಣ್ಣೀರು ಹಾಕಿರಬಹುದು. ಕ್ಯಾಮೆರಾ ಯಾರ ಪಕ್ಕದಲ್ಲಿ ನಿಲ್ಲುತ್ತದೋ ನೋಡುಗರ ಕರುಣೆಯೂ ಅವರ ಪಕ್ಕದಲ್ಲೇ ನಿಲ್ಲುತ್ತದೆ.

ಹಾಗಾದರೆ ಇಂಥ ಧಾರಾವಾಹಿಗಳು ಬೇಡವೇ? ಬೇಕು. ಹತ್ತು ವರ್ಷಗಳ ಮೊಕದ್ದಮೆಯಿಂದ, ನ್ಯಾಯಾಲಯದ ಕಡತಗಳಿಂದ, ಒಂದು ಒಳ್ಳೆಯ ಸಾಕ್ಷ್ಯಚಿತ್ರದಿಂದಲೂ ಆಗದ ಕೆಲಸ ನಾಲ್ಕು ಕಂತುಗಳಿಂದ ಆಯಿತು. ಐವರು 2002ರಲ್ಲಿ ಕಾನೂನಿನ ಕಣ್ಣಿನಲ್ಲಿ ನಿರ್ದೋಷಿಗಳಾದರು, ಜನರ ಕಣ್ಣಿನಲ್ಲಿ ಆದದ್ದು 2019ರಲ್ಲಿ. ಶಿಕ್ಷೆ ರದ್ದಾಗಿ ಸರಿಯಾಗಿ 20 ವರ್ಷಕ್ಕೆ, 2022ರ ಡಿಸೆಂಬರ್ 19ರಂದು, ಸೆಂಟ್ರಲ್ ಪಾರ್ಕಿನ ಉತ್ತರದ ಒಂದು ಪ್ರವೇಶಕ್ಕೆ 'ನಿರ್ದೋಷಿಗಳ ದ್ವಾರ' ಎಂಬ ಅರ್ಥದ ಹೆಸರಿಡಲಾಯಿತು. 2023ರ ನವೆಂಬರ್‌ನಲ್ಲಿ ಯೂಸೆಫ್ ಸಲಾಂ ಹಾರ್ಲೆಮ್‌ನಿಂದ ನ್ಯೂಯಾರ್ಕ್ ನಗರ ಸಭೆಗೆ ಆಯ್ಕೆಯಾದರು. ಅಪ್ರಾಪ್ತರ ವಿಚಾರಣೆಯಲ್ಲಿ ಪೊಲೀಸರು ಸುಳ್ಳು ಹೇಳಿ ತಪ್ಪೊಪ್ಪಿಗೆ ಪಡೆಯುವುದನ್ನು ತಡೆಯುವ ಕಾನೂನನ್ನು 2021ರಲ್ಲಿ ಇಲಿನಾಯ್ ರಾಜ್ಯ ದೇಶದಲ್ಲೇ ಮೊದಲಾಗಿ ತಂದಿತು. ಅದಕ್ಕೆ ಈ ಧಾರಾವಾಹಿಯೇ ಕಾರಣ ಎನ್ನಲಾಗದು. ಆದರೆ ಹದಿನಾಲ್ಕರ ಹುಡುಗ ಸುಳ್ಳು ತಪ್ಪೊಪ್ಪಿಗೆ ಕೊಡಬಲ್ಲ ಎಂಬುದನ್ನು ನಂಬುವ ಜನ ಅಷ್ಟುಹೊತ್ತಿಗೆ ಹೆಚ್ಚಾಗಿದ್ದರು.

ಗಮನಿಸಬೇಕಾದದ್ದು ಇದು. 2019ರ ನೋಡುಗರು ಹುಡುಗರ ವಿಷಯದಲ್ಲಿ ಸರಿಯಾಗಿದ್ದರು. ಆದರೆ ಸರಿಯಾಗಿದ್ದದ್ದು ಅವರಿಗೆ ಕಣ್ಣೀರು ಬಂದದ್ದರಿಂದಲ್ಲ. 1989ರ ನೋಡುಗರಿಗೂ ಕಣ್ಣೀರು ಬಂದಿತ್ತು, ಆಸ್ಪತ್ರೆಯಲ್ಲಿ ಮಲಗಿದ್ದ ಮಹಿಳೆಗಾಗಿ. ಆ ಕಣ್ಣೀರೂ ಪ್ರಾಮಾಣಿಕವೇ. ಅದೇ ಐವರು ಹುಡುಗರನ್ನು ಸೆರೆಮನೆಗೆ ನೂಕಲು ನೆರವಾಯಿತು. ಎರಡು ತೀರ್ಪುಗಳ ನಡುವಿನ ವ್ಯತ್ಯಾಸ ತೆರೆಯ ಹೊರಗಿದ್ದ ಡಿಎನ್‌ಎ ವರದಿಯಲ್ಲಿತ್ತು, ಮರುತನಿಖೆಯ ಕಡತದಲ್ಲಿತ್ತು, ನ್ಯಾಯಾಲಯದ ಆದೇಶದಲ್ಲಿತ್ತು. ಧಾರಾವಾಹಿ ಅದರ ಮೇಲೆ ನಿಂತಾಗ ಗಟ್ಟಿಯಾಗಿತ್ತು. ಅದನ್ನು ಬಿಟ್ಟು ಸಂಭಾಷಣೆ ಕಲ್ಪಿಸಿದಲ್ಲಿ ಐದು ದೃಶ್ಯಗಳಿಗಾಗಿ ನಾಲ್ಕು ವರ್ಷ ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಯಿತು.

ನಿಜ ಅಪರಾಧದ ಕಥೆ ನೋಡುವವರಿಗೆ ಇದರಿಂದ ಸಿಗುವ ಪಾಠ ಸರಳ. ತೆರೆಯ ಮೇಲೆ ಕಂಡದ್ದರಲ್ಲಿ ದಾಖಲೆಯಲ್ಲಿರುವುದು ಯಾವುದು, ಊಹೆ ಯಾವುದು, ಕಲ್ಪನೆ ಯಾವುದು ಎಂದು ಒಮ್ಮೆ ಕೇಳಿಕೊಳ್ಳಬೇಕು. ಕಥೆಯಲ್ಲಿ ಯಾರ ಮನೆಯೊಳಗೆ ಕ್ಯಾಮೆರಾ ಹೋಯಿತು, ಯಾರ ಮನೆಗೆ ಹೋಗಲೇ ಇಲ್ಲ ಎಂದು ನೋಡಬೇಕು. ಮುಚ್ಚಿದ ಬಾಗಿಲ ಹಿಂದೆ ಇಬ್ಬರೇ ಆಡಿದ ಮಾತನ್ನು ಪಾತ್ರಗಳು ಆಡುತ್ತಿದ್ದರೆ ಅದನ್ನು ಬರೆದವರು ಯಾರು ಎಂದು ಯೋಚಿಸಬೇಕು. ಇಷ್ಟು ಮಾಡಿದರೆ ಕಥೆಯ ಸ್ವಾರಸ್ಯವೇನೂ ಕಡಿಮೆಯಾಗುವುದಿಲ್ಲ. ಯಾರದೋ ಹೆಸರಿನ ಎದುರು ತೀರ್ಪು ಬರೆಯುವ ಕೈ ಮಾತ್ರ ಒಂದು ಗಳಿಗೆ ತಡೆಯುತ್ತದೆ.

1989ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಜನ ಆ ಒಂದು ಗಳಿಗೆ ತಡೆದಿದ್ದರೆ, ಕಾಗದದ ಮೇಲಿದ್ದ ಡಿಎನ್‌ಎ ವರದಿಯನ್ನು ಜೂರಿಗಳು ಇನ್ನೊಮ್ಮೆ ಓದುತ್ತಿದ್ದರೇನೋ. ಠಾಣೆಗೆ ಗೆಳೆಯನ ಜೊತೆಗೆಂದು ಹೋದ ಹದಿನಾರರ ಹುಡುಗ ಮನೆಗೆ ಮರಳಲು 13 ವರ್ಷ ಬೇಕಾಗುತ್ತಿರಲಿಲ್ಲವೇನೋ.